ಮಿಸ್ ಮಾತಾಡದ ವಾರ

ವನಜಾಕ್ಷಿ ಜಗಳೂರು ತಾಲ್ಲೂಕಿನ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ವಾರ್ಷಿಕೋತ್ಸವಕ್ಕೆ ಈ ಸಲ ಸಿನಿಮಾ ಹಾಡು ಬೇಡ, ಮಕ್ಕಳೇ ಕೂಡಿ ಕಟ್ಟಿದ ನೃತ್ಯ ಮಾಡಿಸುತ್ತೇನೆ ಎಂದು ಹೆಡ್‌ಮಾಸ್ಟರ್ ಗಾದ್ರಪ್ಪನವರಿಗೆ ತಾನೇ ಮುಂದೆ ಬಿದ್ದು ಹೇಳಿದ್ದಳು. ತರಬೇತಿ ಶಿಬಿರದಲ್ಲಿ ಇಂಥದ್ದೇ ಮಾಡಿಸಿದಾಗ ಎಲ್ಲ ಸಲೀಸಾಗಿ ಬಂದಿತ್ತು. ಅಲ್ಲಿ ಕುಣಿದವರೆಲ್ಲ ಶಿಕ್ಷಕರೇ ಎಂಬುದು ಆಗ ಹೊಳೆಯಲಿಲ್ಲ.

ನಾಲ್ಕು ಮತ್ತು ಐದನೇ ತರಗತಿಯ ಹನ್ನೊಂದು ಮಕ್ಕಳು. ದಿನಾ ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ.

"ಬೆಳಗ್ಗೆ ಎದ್ದು ಏನೇನು ಮಾಡ್ತೀರಿ? ಬಾಯಲ್ಲಿ ಹೇಳಬ್ಯಾಡ್ರಿ, ಮಾಡಿ ತೋರಿಸ್ರಿ."

ಹನ್ನೊಂದು ಮಂದಿಯೂ ಹಲ್ಲುಜ್ಜಿದರು. ಎಲ್ಲರದೂ ಒಂದೇ ತೋರುಬೆರಳು, ಒಂದೇ ಕಡೆ.

"ಆಮೇಲೆ?"

"ನೀವು ತೋರಿಸ್ರಿ ಮಿಸ್, ನಾವು ಮಾಡ್ತೀವಿ," ಎಂದಳು ಮುಂದಿನ ಸಾಲಿನ ಅಂಜಿನಮ್ಮ.

ಮಳೆ ಹೆಂಗೆ ಬರ್ತೈತೆ ಅಂದರೆ ಒಂದನೇ ಕ್ಲಾಸಿನ ಪದ್ಯಕ್ಕೆ ಕಲಿತಂತೆ ಬೆರಳು ಇಳಿಸುತ್ತಿದ್ದರು. ಕುರಿ ಹೆಂಗೆ ಓಡ್ತಾವೆ ಅಂದರೆ ಬ್ಯಾ ಎಂದು ನಿಂತುಬಿಡುತ್ತಿದ್ದರು. ಅವಳು ಬೆವರು ಒರೆಸಲು ಕೈ ಎತ್ತಿದರೆ ಹನ್ನೊಂದು ಕೈಗಳೂ ಮೇಲೇಳುತ್ತಿದ್ದವು. ತಿಮ್ಮೇಶ್ ಮಾತ್ರ ಎಲ್ಲರೂ ಒಂದು ಕಡೆ ತಿರುಗಿದರೆ ತಾನು ಇನ್ನೊಂದು ಕಡೆ ತಿರುಗುತ್ತಿದ್ದ. ಬೇಕಂತಲೇ ಮಾಡುತ್ತಾನೆಂದು ಅವನನ್ನು ಹಿಂದಕ್ಕೆ ಹಾಕಿದಳು.

ಹತ್ತು ದಿನ ನೋಡಿ ಸಾಕಾಯಿತು. ತಾನೇ ಹೆಜ್ಜೆ ಹೇಳಿಕೊಡಲು ಶುರುಮಾಡಿದಳು. ಬಲಕ್ಕೆ ಅಂದರೆ ಅರ್ಧ ಮಕ್ಕಳು ಎಡಕ್ಕೆ.

"ಬಲಗೈ ಯಾವುದು? ಉಣ್ಣೋ ಕೈ! ಅದೂ ಗೊತ್ತಿಲ್ಲೇನು ನಿಮಗೆ?" ಎಂದು ಕಿರುಚಿ ಹಣೆ ಚಚ್ಚಿಕೊಂಡಳು. ಮರುದಿನವೂ ಅದೇ. ಮೂರನೇ ದಿನ ಬೆಳಗ್ಗೆ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಒಂದು ವಾರ ತುಟಿ ಬಿಚ್ಚಬಾರದೆಂದರು ಡಾಕ್ಟರು. ವಾರ್ಷಿಕೋತ್ಸವಕ್ಕೆ ಒಂಬತ್ತು ದಿನ ಉಳಿದಿತ್ತು.

ಬೋರ್ಡಿನ ಮೇಲೆ ಬರೆದಳು: 'ನಾನು ಮಾತಾಡುವಂತಿಲ್ಲ. ನೀವೇ ಮಾಡಿರಿ.' ಮಕ್ಕಳು ಒಂದು ಗಂಟೆಯಿಡೀ ಜಗಳವಾಡಿದರು. ಬಿಡಿಸಲಿಕ್ಕೂ ದನಿಯಿಲ್ಲದೆ ಅವಳು ಮೇಜಿನ ಮುಂದೆ ಕುದಿಯುತ್ತ ಕೂತಳು.

ಮಾರನೆಯ ದಿನ ಅಡುಗೆಕೋಣೆಯಿಂದ ಬಿಸಿನೀರು ತರುವಷ್ಟರಲ್ಲಿ ತರಗತಿಯಿಂದ ತಾಳ ಕೇಳಿಸಿತು. ಬಾಗಿಲಲ್ಲೇ ನಿಂತಳು. ಅಂಜಿನಮ್ಮ ಬೆಂಚು ಬಡಿಯುತ್ತಿದ್ದಳು. ತಿಮ್ಮೇಶ್ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದರಲ್ಲಿ ಗಂಟಲು ಹಿಡಿದು, ದನಿಯಿಲ್ಲದೆ ಬಾಯಿ ಅಗಲಿಸುತ್ತಿದ್ದ. ಅವನು ಬಲಕ್ಕೆ ಕೈ ತೋರಿಸಿದರೆ ಉಳಿದವರು ದಿಕ್ಕಿಗೊಬ್ಬರಂತೆ ತಿರುಗಿ ಡಿಕ್ಕಿ ಹೊಡೆಯುತ್ತಿದ್ದರು. ಅವನು ಹಣೆ ಚಚ್ಚಿಕೊಂಡರೆ ಎಲ್ಲರೂ ತಾಳಕ್ಕೆ ಸರಿಯಾಗಿ ಚಚ್ಚಿಕೊಳ್ಳುತ್ತಿದ್ದರು.

ಅವಳ ಮೈ ಉರಿದುಹೋಯಿತು. ಒಳಗೆ ನುಗ್ಗಿ, ನಿಲ್ಲಿಸಿ ಎಂದು ಕೈ ಬೀಸಿದಳು. ಮಿಸ್ ತಾವೂ ಸೇರಿಕೊಂಡರೆಂದು ಮಕ್ಕಳು ಖುಷಿಯಿಂದ ಕೈ ಬೀಸಿದರು. ಸಿಟ್ಟಿಗೆ ಕಾಲು ಅಪ್ಪಳಿಸಿದಳು. ಎಲ್ಲರ ಕಾಲೂ ಅಪ್ಪಳಿಸಿದವು. ಅವಳು ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡಾಗ ತಾಳ ನಿಂತಿತು.

"ಚೆನ್ನಾಗಿಲ್ಲೇನ್ ಮಿಸ್?" ಅಂಜಿನಮ್ಮ ಮೆಲ್ಲಗೆ ಕೇಳಿದಳು.

ಸದ್ದಿಗೆ ಬಂದಿದ್ದ ಗಾದ್ರಪ್ಪನವರು ಕಿಟಕಿಯಾಚೆ ನಗುತ್ತಿದ್ದರು. "ಇದನ್ನೇ ಇಡ್ರಿ ಮೇಡಂ."

ಅವಳು ಬೋರ್ಡಿನ ಮೇಲೆ ಒತ್ತಿ ಬರೆದಳು: 'ನನ್ನನ್ನು ಆಡಿಕೊಳ್ಳುವುದು ನೃತ್ಯವೇ ಸಾರ್?'

"ಆಡಿಕೊಂಡಿಲ್ರೀ. ದಿನಾ ಕಂಡಿದ್ದನ್ನ ಮಾಡ್ಯಾರೆ. ನೀವು ಕೇಳಿದ್ದೂ ಅದನ್ನೇ ಅಲ್ಲೇನ್ರೀ?"

ಅವಳು ಸೀಮೆಸುಣ್ಣ ಕೆಳಗಿಟ್ಟಳು. ಎರಡು ದಿನ ಮುಖ ಗಂಟಿಕ್ಕಿಕೊಂಡೇ ನೋಡಿದಳು. ಮೂರನೇ ದಿನ ತಡೆಯಲಾಗದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಎಳೆದು, ಕೊನೆಗೆ ಎಲ್ಲರೂ ತಿಮ್ಮೇಶನ ಸುತ್ತ ಒಂದು ಸುತ್ತು ಬರಬೇಕೆಂದು ಬೆರಳಲ್ಲಿ ತೋರಿಸಿದಳು. ಆ ನೃತ್ಯದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ವಾರ್ಷಿಕೋತ್ಸವದ ದಿನ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತಿಥಿಯಾಗಿ ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿ ಮೈಕ್ ಹಿಡಿದು ವೇದಿಕೆಗೆ ಬಂದರು.

"ಇಷ್ಟು ಚೆಂದ ಯಾರಮ್ಮ ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ ಸಾರ್," ಎಂದಳು ಅಂಜಿನಮ್ಮ. "ಮಿಸ್‌ಗೆ ಗಂಟಲು ಹೋಗಿತ್ತು, ಅದಕ್ಕೆ ನಾವೇ ಮಾಡ್ಕೊಂಡ್ವಿ."

ಜನ ಮತ್ತೆ ನಕ್ಕರು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ವನಜಾಕ್ಷಿಗೆ ಕಿವಿ ಬಿಸಿಯಾಯಿತು. ಅಷ್ಟು ದಿನ ಜೀವ ತೇಯ್ದದ್ದು ಎಲ್ಲಿ ಹೋಯಿತು?

"ನೀನು ಯಾರನ್ನ ನೋಡಿ ಮಾಡಿದೆಯೋ ಮರಿ?" ಅಧಿಕಾರಿ ತಿಮ್ಮೇಶನನ್ನು ಕೇಳಿದರು.

ತಿಮ್ಮೇಶ್ ಅವಳತ್ತ ಒಂದು ಸಲ ನೋಡಿದ. "ಹೇಳಲ್ಲ ಸಾರ್," ಎಂದು ತಲೆ ತಗ್ಗಿಸಿದ.

ಕೆಳಗಿಳಿದು ಬಂದ ಅವನನ್ನು ಅವಳು ತೋಳು ಹಿಡಿದು ನಿಲ್ಲಿಸಿದಳು. ಒಡಕು ದನಿಯಲ್ಲೇ ಕೇಳಿದಳು: "ಕೊನೇ ಸುತ್ತು ಯಾಕೆ ಬಿಟ್ರಿ?"

"ಮರ್ತು ಹೋತು ಮಿಸ್," ಎಂದವನೇ ಓಡಿದ.

ಆ ಸುತ್ತು ಒಂದು ಬಂದಿದ್ದರೆ ಇನ್ನೂ ಎಷ್ಟು ಚೆನ್ನಾಗಿರುತ್ತಿತ್ತು ಎಂಬ ಕಿರಿಕಿರಿ, ಮನೆಗೆ ಹೋಗುವ ಬಸ್ಸು ಜಗಳೂರು ಮುಟ್ಟುವವರೆಗೂ ಅವಳನ್ನು ಬಿಡಲಿಲ್ಲ.