ಸಿಂಚನಳಿಗೆ ಯಾರು ಹೇಳುವುದು

"ಸ್ಟೇಟಸ್ ತೆಗಿ, ಮೊದ್ಲು ತೆಗಿ," ಎನ್ನುತ್ತಾ ಬೈರೇಶ ದೇವರಾಜನ ಕೈಯಿಂದ ಫೋನನ್ನೇ ಕಿತ್ತುಕೊಂಡ.

ದೇವರಾಜ ಅವನ ಚಿಕ್ಕಪ್ಪನ ಮಗ. ಪದ್ಮಶ್ರೀಯ ಫೋಟೊದ ಎರಡೂ ಬದಿಗೆ ಉರಿಯುವ ದೀಪಗಳನ್ನಿಟ್ಟು, ಕೆಳಗೆ 'ಓಂ ಶಾಂತಿ' ಎಂದು ಬರೆದು ಆಗಷ್ಟೇ ವಾಟ್ಸಾಪಿಗೆ ಹಾಕಿದ್ದ.

"ಯಾಕಣ್ಣ, ಏನಾಯ್ತು?"

"ಸಿಂಚನ ನೋಡ್ಬಿಡ್ತಾಳೆ ಕಣೋ. ಅಲ್ಲಿ ಇನ್ನೂ ಬೆಳಗಾಗಿಲ್ಲ. ಎದ್ದೇಟಿಗೆ ಅವ್ಳು ನೋಡೋದು ಫೋನೇ."

"ಇವತ್ತಲ್ಲ ನಾಳೆ ಗೊತ್ತಾಗಲ್ವಾ?"

"ನಾಳೆ ಗೊತ್ತಾಗ್ಲಿ. ಇವತ್ತು ಸಂಜೆ ಅವಳ ನಾಟಕ ಐತೆ. ಅದು ಮುಗೀಲಿ. ಅಕ್ಕನೇ ಹಂಗೆ ಹೇಳವ್ಳೆ."

ದೇವರಾಜ ಫೋನು ಇಸಿದುಕೊಂಡು ಫೋಟೊ ಅಳಿಸಿದ. ಬೈರೇಶ ಶಾಮಿಯಾನದ ಕೆಳಗೆ ಕುಳಿತಿದ್ದ ಒಬ್ಬೊಬ್ಬರ ಹತ್ತಿರವೂ ಹೋಗಿ ಅದೇ ಮಾತನ್ನು ಹೇಳಿಬಂದ. ಹಾಲಿನ ಡೇರಿಯ ಕಾರ್ಯದರ್ಶಿಯಾಗಿ ದಿನವೂ ಬೆಳಿಗ್ಗೆ ಊರಿನವರ ಜೊತೆ ಏಗಿ ಅಭ್ಯಾಸವಿದ್ದ ಅವನಿಗೆ ಈ ಕೆಲಸ ಕಷ್ಟವೆನಿಸಲಿಲ್ಲ. ಅಳುವುದಕ್ಕಿಂತ ಇದೇ ಸುಲಭವಾಗಿತ್ತು.

ಪದ್ಮಶ್ರೀ ಅವನ ಅಕ್ಕ. ಪಕ್ಕದೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಮ್ಮ. ಮದುವೆಯಾಗಿರಲಿಲ್ಲ. ದೇವನಹಳ್ಳಿ ಹತ್ತಿರದ ವಿಜಯಪುರದಿಂದ ಬರುವ ಬಸ್ಸಿನಲ್ಲಿ ಶಾಲೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ವರ್ಷಕ್ಕೊಂದು ನಾಟಕ ಆಡಿಸುತ್ತಿದ್ದಳು. ಹೃದಯದ ಕವಾಟ ಸರಿಯಿಲ್ಲವೆಂದು ಯುಗಾದಿಯ ಹೊತ್ತಿಗೆ ಡಾಕ್ಟರು ಹೇಳಿದ್ದರು. ಆಪರೇಷನ್ನನ್ನು ಇವಳೇ ಮುಂದೂಡಿದ್ದಳು, ಸಿಂಚನ ಹೋಗಿಬರಲಿ ಎಂದು. ಇವತ್ತು ಬೆಳಗಿನ ಜಾವ ನೀರೊಲೆಗೆ ಉರಿ ಹಾಕಲು ಎದ್ದವಳು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಳು. ಬೈರೇಶನ ಹೆಂಡತಿ ರುಕ್ಮಿಣಿ ಹೋಗಿ ನೋಡುವಷ್ಟರಲ್ಲಿ ಗೋಡೆಗೆ ಒರಗಿದ್ದಳು, ಅಷ್ಟೆ.

ಸಿಂಚನ ಬೈರೇಶ-ರುಕ್ಮಿಣಿಯರ ಒಬ್ಬಳೇ ಮಗಳು. ಬೆಂಗಳೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದವಳು ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಹೋಗಿದ್ದಳು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಬೇಸಿಗೆಯ ಆರು ವಾರ ಸಾಹಿತ್ಯ ಮತ್ತು ರಂಗಭೂಮಿಯ ಪಾಠ, ಕೊನೆಯಲ್ಲಿ ಒಂದು ನಾಟಕ. ಅಂಥದ್ದೊಂದಿದೆ ಎಂದು ಹುಡುಕಿದವಳೂ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿಸಿದವಳೂ ಪದ್ಮಶ್ರೀಯೇ. ಹಿಂದೆ ಎಂ.ಎ. ಓದುವಾಗ ಅವಳೂ ಇಂಥದೇ ಒಂದು ಬೇಸಿಗೆಗೆ ಅದೇ ದೇಶಕ್ಕೆ ಹೋಗಿಬಂದಿದ್ದಳು. ಸಿಂಚನಳನ್ನು ವಿಮಾನ ಹತ್ತಿಸಿ ದೇವನಹಳ್ಳಿಯಿಂದ ಕಾರಿನಲ್ಲಿ ಬರುವಾಗ, "ನಂಗೇನಾದ್ರೂ ಆದ್ರೆ ಮಗೂಗೆ ಹೇಳ್ಬೇಡ ಬೈರ, ನಾಟಕ ಮುಗಿಸ್ಕೊಂಡು ಬರ್ಲಿ," ಎಂದಿದ್ದಳು. "ಏನಾಗ್ತದೆ ನಿಂಗೆ, ಸುಮ್ನಿರಕ್ಕ," ಎಂದು ಬೈರೇಶ ಗದರಿದ್ದ.

ನಡುಮನೆಯಲ್ಲಿ ಪದ್ಮಶ್ರೀಯ ತಲೆಯ ಬಳಿ ಅವಳ ತಾಯಿ ಅಮ್ಮಯಮ್ಮ ಕುಳಿತಿದ್ದಳು. ಎಂಬತ್ತರ ಹತ್ತಿರದ ಹೆಂಗಸು. ಅತ್ತು ಅತ್ತು ಸಾಕಾಗಿ ಈಗ ಸುಮ್ಮನೆ ಮಗಳ ಕೂದಲನ್ನು ಹಿಂದಕ್ಕೆ ನೇವರಿಸುತ್ತಿದ್ದಳು. ಶಾಲೆಯ ಮೇಷ್ಟ್ರು ಉಮಾಶಂಕರ್ ಹಾರ ಹಾಕಿ, ಕೈಮುಗಿದು, ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

"ನಗ್ಸಿ ನಗ್ಸಿ ಸಾಯಿಸ್ತಿದ್ರು ಅಮ್ಮ ನಮ್ಮ ಟೀಚರ್ರು. ಫಾರಿನ್ ಕತೆ ತೆಗೆದ್ರೆ ಸ್ಟಾಫ್ ರೂಮೇ ಬಿದ್ದುಬಿದ್ದು ನಗ್ತಿತ್ತು."

ಅಮ್ಮಯಮ್ಮ ತಲೆಯೆತ್ತಿದಳು. "ಯಾವ ಕತೆ?"

"ಅದೇ, ಮೊದಲನೇ ದಿನದ್ದು. ಎಲ್ರೂ ನಿಮ್ಮ ನಿಮ್ಮ ಭಾಷೇಲಿ ಏನಾದ್ರೂ ಗಟ್ಟಿಯಾಗಿ ಹೇಳಿ ಅಂದ್ರಂತೆ. ಒಬ್ಬ ಪದ್ಯ ಹೇಳಿದ, ಇನ್ನೊಬ್ಳು ಹಾಡಿದ್ಳು. ಟೀಚರ್‌ಗೆ ಗಾಬರೀಲಿ ಒಂದಕ್ಷರ ನೆನಪಾಗ್ಲಿಲ್ವಂತೆ. ಕೊನೆಗೆ ಅವರಪ್ಪ ದ್ರಾಕ್ಷಿ ತೋಟದಲ್ಲಿ ಗಿಳಿ ಓಡ್ಸೋ ಕೂಗು ಕೂಗ್ಬಿಟ್ರಂತೆ."

ಉಮಾಶಂಕರ್ ಮೈಮರೆತು ಆ ಕೂಗನ್ನು ಸಣ್ಣ ದನಿಯಲ್ಲಿ ಕೂಗಿಯೇಬಿಟ್ಟ. ಹ್ಹಾ... ಹೊಯ್ ಹೊಯ್ ಹೊಯ್ಯಾ. ಹೆಣದ ಮುಂದೆ ಇದೇನು ಮಾಡಿದೆ ಎಂದು ನಾಚಿ ತಲೆ ತಗ್ಗಿಸಿದ. ಬಾಗಿಲಲ್ಲಿದ್ದವರು ತಿರುಗಿ ನೋಡಿದರು.

"ಆಮೇಲೆ?" ಅಮ್ಮಯಮ್ಮ ಕೇಳಿದಳು.

"ಆಮೇಲೆ ಅಲ್ಲಿ ಪಾಠ ಮಾಡೋರು ಎಲ್ರಿಗೂ ಅದನ್ನೇ ಕೂಗ್ಸಿದ್ರಂತೆ. ಬಿಳೀ ಜನವೆಲ್ಲ ನಿಂತ್ಕೊಂಡು ಗಿಳಿ ಓಡ್ಸಿದ್ರಂತೆ. ಊರಿಗೆ ಹೋದ್ಮೇಲೆ ಅಪ್ಪನಿಗೆ ಇದನ್ನ ಹೇಳ್ಬೇಕು ಅಂತ ದಿನಾ ಅನ್ಕೊಂತಿದ್ದೆ ಅನ್ನೋರು." ಅವನು ತಡೆದು ಕೇಳಿದ, "ನಿಮಗೆ ಗೊತ್ತಿಲ್ವಾ ಅಮ್ಮ? ನಮಗೆಲ್ಲ ಬಾಯಿಪಾಠ ಆಗೋಗದೆ."

"ಇಲ್ಲಪ್ಪ," ಎಂದಳು ಅಮ್ಮಯಮ್ಮ. "ನಮ್ಗೆ ಹೇಳ್ಲಿಲ್ಲ."

ಅಷ್ಟರಲ್ಲಿ ರುಕ್ಮಿಣಿ ಒಳಗೆ ಬಂದಳು. ಅವಳ ಫೋನು ಸೆರಗಿನೊಳಗೆ ಗುಂಯ್ಗುಡುತ್ತಿತ್ತು. ತೆಗೆದು ನೋಡಿ, ಯಾರೋ ನೆಂಟರದೆಂದು ತಿಳಿದು ಉಸಿರುಬಿಟ್ಟಳು.

"ಸಿಂಚನಂದು ಅನ್ಕೊಂಡೆ ಅತ್ತೆ. ಜೀವ ಬಾಯಿಗೆ ಬಂತು. ಏನಂತ ಸುಳ್ಳು ಹೇಳ್ಲಿ?"

"ಸುಳ್ಳು ಯಾಕೆ ಹೇಳ್ಬೇಕು?"

"ಹೇಳ್ದೆ ಇನ್ನೇನ್ ಮಾಡ್ಲಿ? ಅಷ್ಟು ದೂರದಲ್ಲಿ ಮಗ ಒಂಟಿಯಾಗಿ ಅತ್ರೆ ಯಾರು ಹಿಡ್ಕೊಂತಾರೆ ಅತ್ತೆ?"

ಮಗಳ ಕೂದಲ ಮೇಲಿದ್ದ ಅಮ್ಮಯಮ್ಮನ ಕೈ ಅಲ್ಲೇ ನಿಂತಿತು. ಇದೇ ಮಾತನ್ನು ಇದೇ ನಡುಮನೆಯಲ್ಲಿ ಒಂದು ದಿನ ಅವಳೇ ಆಡಿದ್ದಳು.

*

ಅವಳ ಗಂಡ ಅಪ್ಪಯ್ಯಣ್ಣ ಹೋದದ್ದು ತೋಟದ ಪಂಪ್‌ಸೆಟ್ಟಿನ ಕರೆಂಟು ಹೊಡೆದು. ಒದ್ದೆ ನೆಲ, ಒದ್ದೆ ಕೈ. ಪದ್ಮಶ್ರೀ ಇಂಗ್ಲೆಂಡಿಗೆ ಹೋಗಿ ಆಗಷ್ಟೇ ತಿಂಗಳಾಗಿತ್ತು. ಹೆಣ್ಣುಹುಡುಗಿಯನ್ನು ಅಷ್ಟು ದೂರ ಕಳಿಸುವುದೇ ಎಂದು ನೆಂಟರೆಲ್ಲ ಅಡ್ಡ ನಿಂತಾಗ, "ನನ್ ಮಗ್ಳು ಹೋಗ್ತಾಳೆ, ನೀವು ಹೋಗ್ಬೇಡಿ ಬಿಡ್ರಪ್ಪ," ಎಂದು ನಕ್ಕು ಕಳಿಸಿದವನು ಅವನೇ.

ಆಗ ಊರಿನಲ್ಲಿ ಫೋನಿದ್ದದ್ದು ವೆಂಕಟರಾಯಪ್ಪನ ಮನೆಯಲ್ಲಿ ಮಾತ್ರ. ಭಾನುವಾರ ಪದ್ಮಶ್ರೀ ಅಲ್ಲಿಗೆ ಫೋನು ಮಾಡುತ್ತಿದ್ದಳು. ಹೇಗೆ ಹೇಳುವುದೆಂದು ಬೈರೇಶ ಅಳುತ್ತಾ ಕೇಳಿದಾಗ ಅಮ್ಮಯಮ್ಮ, "ಹೇಳ್ಬೇಡ. ಒಂಟಿಯಾಗಿ ಅತ್ರೆ ಮಗೂನ ಯಾರು ಹಿಡ್ಕೊಂತಾರೆ? ಬಂದ್ಮೇಲೆ ನಾನೇ ಹೇಳ್ತೀನಿ," ಎಂದಳು. ಬೈರೇಶನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಮ್ಮ ಹೇಳಿದಂತೆ ಕೇಳಿದ. ಭಾನುವಾರ ಅಕ್ಕ, "ಅಪ್ಪ ಎಲ್ಲೋ? ಫೋನ್ ಕೊಡು, ಒಂದು ತಮಾಷೆ ಹೇಳ್ಬೇಕು," ಎಂದಾಗ, "ತೋಟದಲ್ಲವ್ರೆ ಅಕ್ಕ," ಎಂದ. ಮುಂದಿನ ಭಾನುವಾರವೂ ಅದನ್ನೇ ಹೇಳಿದ. ಅಪ್ಪನನ್ನು ಮಣ್ಣು ಮಾಡಿದ್ದು ತೋಟದಲ್ಲೇ.

ಆಗ ವಿಮಾನ ಇಳಿಯುತ್ತಿದ್ದುದು ಬೆಂಗಳೂರಿನ ಹಳೆಯ ನಿಲ್ದಾಣದಲ್ಲಿ. ಅಕ್ಕನನ್ನು ಕರೆತರಲು ಬೈರೇಶ ಬೋಳಿಸಿದ ತಲೆಗೆ ಟೋಪಿ ಹಾಕಿಕೊಂಡು ಹೋಗಿದ್ದ. ಅವಳು ಸಾಮಾನಿನ ಗಾಡಿ ತಳ್ಳಿಕೊಂಡು ಹೊರಗೆ ಬಂದು, ತಮ್ಮನ ಅವತಾರ ನೋಡಿ ದೂರದಿಂದಲೇ ನಗತೊಡಗಿದಳು.

"ಏನ್ಲಾ ಇದು, ಕ್ರಿಕೆಟ್ ಟೀಮಿಗೆ ಸೇರ್ಬಿಟ್ಯಾ?" ಎಂದು ಟೋಪಿ ಎಳೆದಳು.

ಟೋಪಿ ಅವಳ ಕೈಯಲ್ಲಿತ್ತು. ಅವನ ತಲೆಯ ಮೇಲೆ ಗರಿಕೆಯಂತೆ ಎರಡು ವಾರದ ಕೂದಲು.

"ಯಾರು?"

"ಅಪ್ಪ."

"ಯಾವತ್ತು?"

ಅವನು ಹೇಳಿದ. ಅವಳು ಬೆರಳಲ್ಲಿ ದಿನ ಎಣಿಸಿದಳು. "ನಾಟಕಕ್ಕೆ ಮೊದ್ಲೇ," ಎಂದಳು. "ನಾಟಕದಲ್ಲಿ ಯಾರದೋ ಅಪ್ಪ ಸತ್ತ ಅಂತ ನಾನು ಅತ್ತೆ ಬೈರ. ಎಲ್ರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು." ಆಮೇಲೆ ಟೋಪಿಯನ್ನು ತಮ್ಮನ ತಲೆಗೆ ಮತ್ತೆ ಹಾಕಿ, ಸರಿಮಾಡಿ, ಗಾಡಿ ತಳ್ಳಿಕೊಂಡು ನಡೆದಳು.

ಮನೆಯಲ್ಲಿ ಅವಳು ಜಗಳವಾಡಲಿಲ್ಲ. ಅಮ್ಮನನ್ನು ತಬ್ಬಿ ಅತ್ತಳು, ತೋಟಕ್ಕೆ ಹೋಗಿಬಂದಳು. ಒಂದಷ್ಟು ದಿನ ಕಳೆದ ಮೇಲೆ ಅಮ್ಮಯಮ್ಮ, "ಆ ಊರು ಹೆಂಗಿತ್ತಮ್ಮ?" ಎಂದು ಕೇಳಿದಳು. "ಚೆನ್ನಾಗಿತ್ತು," ಎಂದಳು ಪದ್ಮಶ್ರೀ. ಅಲ್ಲಿಂದ ಇವತ್ತಿನವರೆಗೆ ಆ ಬೇಸಿಗೆಯ ಬಗ್ಗೆ ಅಮ್ಮನ ಎದುರಿಗೆ ಅವಳು ಆಡಿದ್ದು ಆ ಒಂದೇ ಮಾತು.

*

"ಫೋನ್ ಮಾಡು," ಎಂದಳು ಅಮ್ಮಯಮ್ಮ ಸೊಸೆಗೆ. "ಸಿಂಚನಂಗೆ."

ರುಕ್ಮಿಣಿ ಹೆದರಿ ಗಂಡನನ್ನು ಕೂಗಿದಳು. ಬೈರೇಶ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ.

"ಅಮ್ಮ, ಅಕ್ಕ ಬಾಯ್ಬಿಟ್ಟು ಹೇಳವ್ಳೆ. ನಾಟಕ ಮುಗಿಯೋಗಂಟ ಹೇಳ್ಬೇಡ ಅಂತ. ಅವಳ ಮಾತು ಮೀರ್ತೀಯಾ?"

"ಮೀರ್ತೀನಿ."

"ಸತ್ತೋರ ಮಾತು ಅದು."

"ಆವತ್ತು ನನ್ ಮಾತು ನೀನು ಮೀರಿದ್ದಿದ್ರೆ ಚೆನ್ನಾಗಿತ್ತು ಕಣಪ್ಪ," ಎಂದಳು ಅಮ್ಮಯಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಇಪ್ಪತ್ತೈದು ವರ್ಸದ ಮೇಲಾಯ್ತು. ಯಾರ್ಯಾರಿಗೋ ಹೇಳವ್ಳೆ, ನಂಗೆ ಹೇಳ್ಲಿಲ್ಲ. ಈ ಮಗೂನೂ ಹಂಗೇ ಆಗ್ಬೇಕಾ?"

ಮನೆಯ ಮೇಲೆ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ಬೈರೇಶ ಅಕ್ಕನ ಮುಖ ನೋಡಿದ. ಆಮೇಲೆ ಹೆಂಡತಿಯ ಕೈಯಿಂದ ಫೋನು ಇಸಿದುಕೊಂಡು ತಾನೇ ಒತ್ತಿ, ಅಮ್ಮನ ಕಿವಿಗೆ ಹಿಡಿದ.

"ಅಮ್ಮಾ?" ಆ ಕಡೆ ನಿದ್ದೆಗಣ್ಣಿನ ದನಿ. "ಏನಮ್ಮ ಇಷ್ಟೊತ್ನಲ್ಲಿ?"

"ನಾನು ಮಗ, ಅಜ್ಜಿ. ಎದ್ದು ಕೂತ್ಕೊ. ಪಕ್ಕದಲ್ಲಿ ಯಾರಾದ್ರೂ ಅವ್ರಾ?"

"ನನ್ನ ರೂಮ್‌ಮೇಟ್ ಇದಾಳೆ. ಮಲಗಿದಾಳೆ. ಯಾಕಜ್ಜಿ?"

"ಅವಳನ್ನ ಎಬ್ಬಿಸು."

"ಅಜ್ಜಿ, ಏನಾಯ್ತು ಹೇಳು."

"ಎಬ್ಬಿಸು ಮಗ. ಹತ್ರ ಕೂರಿಸ್ಕೊ. ಆಮೇಲೆ ಹೇಳ್ತೀನಿ."

ಇಂಗ್ಲಿಷಿನಲ್ಲಿ ಏನೋ ಮಾತು, ಮಂಚ ಕಿರುಗುಟ್ಟಿದ ಸದ್ದು. "ಕೂತಿದಾಳೆ ಅಜ್ಜಿ," ಎಂದಳು ಸಿಂಚನ.

"ನಿನ್ ಪದ್ದತ್ತೆ ಹೋಗ್ಬಿಟ್ಳು ಕಣವ್ವ. ಬೆಳಗಿನ ಜಾವ. ನೋವು ತಿನ್ಲಿಲ್ಲ."

ಆ ಕಡೆಯಿಂದ ಬಂದ ಕೂಗಿಗೆ ಬೈರೇಶ ಫೋನು ಹಿಡಿದಿದ್ದ ಕೈಯನ್ನು ಹಿಂದಕ್ಕೆಳೆದ. ಅಮ್ಮಯಮ್ಮ ಅವನ ಮಣಿಕಟ್ಟು ಹಿಡಿದು ಫೋನನ್ನು ಮತ್ತೆ ಕಿವಿಗೆ ತಂದುಕೊಂಡಳು. ಅಳುವಿನ ನಡುವೆ ಇನ್ನೊಂದು ಹುಡುಗಿಯ ದನಿ ಮೆಲ್ಲಗೆ, ಒಂದೇ ಸಮ ಏನನ್ನೋ ಹೇಳುತ್ತಿತ್ತು. ಒಂದು ಪದವೂ ಅಮ್ಮಯಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಬಹಳ ಹೊತ್ತು ಕೇಳಿಸಿಕೊಂಡಳು.

"ಹಿಡ್ಕೊಂಡವ್ಳೆ," ಎಂದಳು ಸೊಸೆಯ ಕಡೆ ತಿರುಗಿ.

ರುಕ್ಮಿಣಿ ಗೋಡೆಗೆ ಮುಖವಿಟ್ಟು ಬಿಕ್ಕಿದಳು.

*

ಮಧ್ಯಾಹ್ನದ ಊಟದ ಹೊತ್ತಿಗೆ ಸಿಂಚನಳೇ ಅಪ್ಪನಿಗೆ ಫೋನು ಮಾಡಿದಳು. ಮಾತು ನೇರವಾಗಿತ್ತು.

"ಎಷ್ಟೊತ್ತಿಗೆ ಅಪ್ಪ?"

"ಮೂರಕ್ಕೆ ಮಗ. ಕಾಯಕ್ಕಾಗಲ್ಲ."

"ಗೊತ್ತು. ವಿಡಿಯೊ ಕಾಲ್ ಮಾಡು. ಪೂರ್ತಿ ನೋಡ್ಬೇಕು ನಾನು."

ಬೈರೇಶ ಕೇಳಿದ. "ನಾಟಕ?"

"ಬೇಕಿದ್ರೆ ಬಿಡು ಅಂದ್ರು ಇಲ್ಲಿ. ಮಾಡ್ತೀನಿ ಅಂದೆ." ಅವಳು ಮೂಗೆಳೆದುಕೊಂಡಳು. "ಅತ್ತೇನ ಕಳಿಸ್ಕೊಟ್ಟು ಮಾಡ್ತೀನಿ ಅಪ್ಪ. ತಿಳಿದೇ ಮಾಡ್ತೀನಿ."

ಚಟ್ಟ ಊರ ಬೀದಿಯಲ್ಲಿ ಹೊರಟಾಗ ಶಾಲೆಯ ಮಕ್ಕಳು ಸಮವಸ್ತ್ರದಲ್ಲೇ ಬಂದು ತೋಟದ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ದ್ರಾಕ್ಷಿ ಕಿತ್ತುಹಾಕಿ ಈಗ ಗುಲಾಬಿ ಇಟ್ಟಿದ್ದ ತೋಟ. ಅಪ್ಪಯ್ಯಣ್ಣನ ಸಮಾಧಿಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ದೇವರಾಜ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಕಾಲಡಿಯ ನೆಲ ನೋಡಿಕೊಳ್ಳುತ್ತಾ ಹೆಣದ ಪಕ್ಕದಲ್ಲೇ ನಡೆದ. "ಕಾಣಿಸ್ತಾ ಇದ್ಯಾ ಮಗ? ಇತ್ಲಾಗೆ ತಿರುಗ್ಸಾ?" ಎಂದು ಆಗಾಗ ಕೇಳುತ್ತಿದ್ದ.

ಪದ್ಮಶ್ರೀಯನ್ನು ಇಳಿಸಿದರು. ಬೈರೇಶ ಮೂರು ಹಿಡಿ ಮಣ್ಣು ಹಾಕಿದ. ರುಕ್ಮಿಣಿ ಹಾಕಿದಳು. ಉಮಾಶಂಕರ್ ಹಾಕಿದ. ಅಮ್ಮಯಮ್ಮನನ್ನು ಇಬ್ಬರು ತೋಳು ಹಿಡಿದು ಅಂಚಿಗೆ ಕರೆತಂದರು. ಅವಳು ತನ್ನ ಪಾಲಿನದನ್ನು ಹಾಕಿ, ಮತ್ತೆ ಬಗ್ಗಿ ಒಂದು ಹಿಡಿ ತುಂಬಿಕೊಂಡು, "ಇದು ಸಿಂಚನಂದು," ಎಂದಳು.

"ತಡಿ ಅಜ್ಜಿ," ಎಂದಿತು ಫೋನು.

ಎಲ್ಲರೂ ದೇವರಾಜನ ಕೈಯ ಕಡೆ ನೋಡಿದರು. ಪರದೆಯ ಮೇಲೆ ಒಂದು ಬಾಗಿಲು ತೆರೆದುಕೊಂಡಿತು, ಮೆಟ್ಟಿಲುಗಳು ಅಲುಗಾಡಿದವು, ಮಳೆ ನಿಂತ ಅಂಗಳವೊಂದು ಕಾಣಿಸಿತು. ಅಲ್ಲಿ ಫೋನನ್ನು ಬೇರೆ ಯಾರೋ ಹಿಡಿದಿದ್ದರು. ಸಿಂಚನ ಬರಿಗಾಲಲ್ಲಿ ಹೂಪಾತಿಯ ಪಕ್ಕ ಮಂಡಿಯೂರಿ, ಗಿಡಗಳ ಬುಡಕ್ಕೆ ಕೈಹಾಕಿ ಮಣ್ಣು ಬಗೆದುಕೊಂಡಳು. ಕಪ್ಪು ಮಣ್ಣು.

"ಹಾಕು ಅಜ್ಜಿ."

ಅಮ್ಮಯಮ್ಮ ಮುಷ್ಟಿ ಬಿಚ್ಚಿದಳು. ಒಣಗಿದ ಕೆಮ್ಮಣ್ಣು ಪುಡಿಪುಡಿಯಾಗಿ ಗುಂಡಿಯೊಳಕ್ಕೆ ಸುರಿಯಿತು. ಪರದೆಯಲ್ಲಿ ಸಿಂಚನಳೂ ಕೈ ಚಾಚಿ ಬೆರಳು ಬಿಡಿಸಿದಳು. ನೆನೆದ ಮಣ್ಣು ಅಂಗೈಗೆ ಮೆತ್ತಿಕೊಂಡು ಬೀಳಲಿಲ್ಲ. ಅವಳು ಕೈಯನ್ನು ಹಾಗೆಯೇ ಚಾಚಿ ಹಿಡಿದಿದ್ದಳು.