ಗದಿಗೆಮ್ಮನ ಕರ್ಕರ

ಸಂಕ್ರಾಂತಿ ಕಳೆದ ಮೇಲೆ ಮೃಣಾಲಿನಿಗೆ ಕೈ ಬಿಡುವಿರುತ್ತಿರಲಿಲ್ಲ. ಊರೆಲ್ಲ ಹಾರಿಸಿದ ಗಾಳಿಪಟಗಳ ಗಾಜುಪುಡಿ ಬಳಿದ ದಾರ, ಮಾಂಜಾ, ಮರಗಳಲ್ಲಿ, ಕರೆಂಟಿನ ತಂತಿಗಳಲ್ಲಿ ತಿಂಗಳುಗಟ್ಟಲೆ ಜೋತಾಡುತ್ತಿತ್ತು. ಅದಕ್ಕೆ ಸಿಕ್ಕ ಪಾರಿವಾಳ, ಹದ್ದು, ಗೂಬೆಗಳನ್ನು ಜನ ರಟ್ಟಿನ ಡಬ್ಬಿಗಳಲ್ಲಿ ಹಾಕಿಕೊಂಡು ಮೆಹದಿಪಟ್ಟಣಂನ ಒಂದು ಗಲ್ಲಿಗೆ ಬರುತ್ತಿದ್ದರು. ಹಳೆಯ ಬಂಗಲೆಯೊಂದರ ಅಂಗಳದಲ್ಲಿ ಟ್ರಸ್ಟೊಂದು ನಡೆಸುತ್ತಿದ್ದ ಹಕ್ಕಿಗಳ ಆಸರೆಯಲ್ಲಿ ಡಾಕ್ಟರು ಅಂತ ಇದ್ದವಳು ಅವಳೊಬ್ಬಳೇ. ಹೊಲಿಯುವುದನ್ನು ಹೊಲಿದು, ಕತ್ತರಿಸುವುದನ್ನು ಕತ್ತರಿಸಿ, ಉಳಿಯದವನ್ನು ಸೂಜಿಮದ್ದು ಕೊಟ್ಟು ಮಲಗಿಸಿ ವರ್ಷಗಳೇ ಕಳೆದಿದ್ದವು. ಈಚೆಗೆ ಹಕ್ಕಿ ಹಾರಿಹೋದಾಗ ಸಂತೋಷವೂ ಆಗುತ್ತಿರಲಿಲ್ಲ, ಸತ್ತಾಗ ದುಃಖವೂ ಆಗುತ್ತಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತ್ತು. ಯುಗಾದಿಯ ಹೊತ್ತಿಗೆ ಈ ಕೆಲಸ ಬಿಡುತ್ತೇನೆ ಎಂದು ಗಂಡನಿಗೆ ಹೇಳಿದ್ದಳು. ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿದ್ದ ಯಶವಂತನದು ಮಾತು ಕಡಿಮೆ. ಬಿಡು ಅಂದಿದ್ದ, ಅಷ್ಟೆ.

ಜನವರಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಆಟೋದಿಂದ ಇಳಿದರು. ಇಬ್ಬರ ಮೈಮೇಲೂ ಸಿಮೆಂಟಿನ ಧೂಳು. ಹೆಂಗಸಿನ ತೋಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ದೊಡ್ಡ ಹಕ್ಕಿ, ಉದ್ದನೆಯ ಕಾಲು ಹೊರಗೆ ಚಾಚಿಕೊಂಡಿತ್ತು. ಅವಳು ತನಗೆ ಬರುವಷ್ಟು ಹಿಂದಿಯಲ್ಲಿ ಏನೋ ಹೇಳಿ, ಮಾತು ಸಾಲದೆ ಗಂಡನ ಕಡೆ ತಿರುಗಿ, "ಇವರಿಗೆ ಹೆಂಗ ಹೇಳ್ಲಿ" ಅಂದಳು. ಮೃಣಾಲಿನಿ, ಕನ್ನಡದಾಗ ಹೇಳು ಅಂದಳು. ಅಜ್ಜನ ಕಾಲಕ್ಕೇ ರಾಯಚೂರಿನಿಂದ ಬಂದು ಇಲ್ಲಿ ನಿಂತ ಮನೆತನ ಮೃಣಾಲಿನಿಯದು. ಮನೆಯ ಹೊರಗೆ ಕನ್ನಡ ಆಡಿ ಎಷ್ಟೋ ದಿನಗಳಾಗಿದ್ದವು.

ಆಟೋದಿಂದ ಇಳಿದವರು ಯಾದಗಿರಿ ಕಡೆಯವರು, ಭೀಮಾ ದಂಡೆಯ ಊರು. ಗಂಡ ತಾಯಪ್ಪ, ಹೆಂಡತಿ ಗದಿಗೆಮ್ಮ. ಜೀಡಿಮೆಟ್ಲಾದಾಚೆ ಕಟ್ಟುತ್ತಿದ್ದ ಗೋದಾಮಿನ ಕೆಲಸಕ್ಕೆ ಬಂದು ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಬೆಳಿಗ್ಗೆ ಹಿಂಡೊಂದು ಕೂಗುತ್ತ ಮೇಲೆ ಹೋಗುವಾಗ ಇದೊಂದು ತಂತಿಯ ಮೇಲಿನ ಮಾಂಜಾಕ್ಕೆ ಸಿಕ್ಕಿ ಜಲ್ಲಿಯ ರಾಶಿಯ ಮೇಲೆ ಬಿದ್ದಿತ್ತು. ಊರ ಕಡೆ ಇದನ್ನು ಕರ್ಕರ ಅಂತಾರೆ, ಅದರ ಕೂಗೇ ಹಾಗೆ, ಎಂದು ಗದಿಗೆಮ್ಮ ಹೇಳಿದಳು.

ಮೃಣಾಲಿನಿ ಸೀರೆ ಬಿಡಿಸಿದಳು. ಪುಸ್ತಕದಲ್ಲಿ ಕ್ರೌಂಚ ಎನ್ನುವ ಜಾತಿಯದು, ಅದರಲ್ಲೂ ಚಿಕ್ಕ ಬಗೆ. ಬೂದಿ ಬಣ್ಣದ ಮೈ. ದೊಡ್ಡವಕ್ಕೆ ಕುತ್ತಿಗೆ ಕಪ್ಪಗಿದ್ದು, ಎದೆಯ ಮೇಲೆ ಕರಿಗರಿಗಳ ಕುಚ್ಚು ಇಳಿಬಿದ್ದಿರುತ್ತದೆ, ಕೆಂಪು ಕಣ್ಣಿನ ಹಿಂದೆ ಬಿಳಿಯ ಜುಟ್ಟು. ಇದರ ಕುತ್ತಿಗೆ ಇನ್ನೂ ಮಾಸಲು, ಜುಟ್ಟು ಗಿಡ್ಡ. ಎಡರೆಕ್ಕೆಯ ಮಡಿಕೆಯಲ್ಲಿ ದಾರ ಮಾಂಸದೊಳಗೆ ಇಳಿದಿತ್ತು, ಎಲುಬಿಗೆ ಏನೂ ಆಗಿರಲಿಲ್ಲ.

"ಇದು ಮರಿ," ಅಂದಳು.

ಗದಿಗೆಮ್ಮ ನಂಬಲಿಲ್ಲ. ಅವುಗಳ ಮರಿಯನ್ನು ಅವಳ ಊರಲ್ಲಿ ಯಾರೂ ಕಂಡಿರಲಿಲ್ಲ, ಗೂಡನ್ನೂ ಕಂಡಿರಲಿಲ್ಲ. ಚಳಿಗೆ ಬರುತ್ತವೆ, ಬಿಸಿಲೇರಿದಾಗ ಹೋಗುತ್ತವೆ ಅನ್ನುವುದಷ್ಟೇ ಗೊತ್ತು. ಗಾಯ ತೊಳೆಯುತ್ತ ಮೃಣಾಲಿನಿ ಹೇಳಿದಳು: ಹಿಮದ ಗುಡ್ಡಗಳ ಆಚೆ, ಬರೀ ಹುಲ್ಲಿನ ಬಯಲಿನಲ್ಲಿ ಅವು ಜೋಡಿಯಾಗುತ್ತವೆ, ಒಂದರ ಮುಂದೊಂದು ರೆಕ್ಕೆ ಬಿಚ್ಚಿ ಕುಣಿಯುತ್ತವೆ. ನೆಲದ ಮೇಲೆಯೇ ಎರಡು ಮೊಟ್ಟೆ. ಗಂಡು ಹೆಣ್ಣು ಪಾಳಿಯ ಮೇಲೆ ಕಾವಿಗೆ ಕೂರುತ್ತವೆ. ಮಳೆಗಾಲದಲ್ಲಿ ರೆಕ್ಕೆ ಬಲಿತ ಮರಿ ಚಳಿಗಾಲಕ್ಕೆ ತಾಯಿ ತಂದೆಯ ಜೊತೆ ಆ ಗುಡ್ಡಗಳನ್ನು ದಾಟಿ ಇಲ್ಲಿಗೆ ಬರುತ್ತದೆ, ಮರಳಿ ಹೋಗುವ ತನಕ ಅವುಗಳ ಬೆನ್ನು ಬಿಡುವುದಿಲ್ಲ.

ಗದಿಗೆಮ್ಮ ಬಹಳ ಹೊತ್ತು ಹಕ್ಕಿಯನ್ನೇ ನೋಡಿದಳು. "ಇಷ್ಟು ಸಣ್ಣದು ಅಲ್ಲಿಂದ ಬಂದೈತೇನ್ರಿ ಅಕ್ಕಾರ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಅದರ ಕಾಲಿಗೆ ಹತ್ತಿದ ಸಿಮೆಂಟು ಒರೆಸಿದಳು.

ಗಾಯ ಕೂಡಿತು. ಆದರೆ ಕ್ರೌಂಚ ಕೂತಲ್ಲಿಂದ ಏಳುವ ಹಕ್ಕಿಯಲ್ಲ, ಒಂದಷ್ಟು ದೂರ ಓಡಿಯೇ ಮೇಲೇರಬೇಕು. ಬಂಗಲೆಯ ಅಂಗಳದಲ್ಲಿ ಅದಕ್ಕೆ ಜಾಗವಿರಲಿಲ್ಲ. ಮೃಣಾಲಿನಿ ಊರೆಲ್ಲ ಕೇಳಿ ಸಾಕಾಗಿ, ಕೊನೆಗೆ ಗೋದಾಮಿನ ಹಿಂದಿನ ಸಪಾಟು ನೆಲವನ್ನೇ ಗುತ್ತೇದಾರನಿಂದ ಬೇಡಿ ಪಡೆದಳು. ಅರಣ್ಯ ಇಲಾಖೆಯವರೂ ಒಪ್ಪಿದರು. ತಾಯಪ್ಪ ಬಿದಿರು ಗಳ ನೆಟ್ಟು ಹಸಿರು ಜಾಳಿಗೆ ಕಟ್ಟಿದ. ಕಾಳು ನೀರು ನೋಡಿಕೊಳ್ಳುವ ಕೆಲಸ ಗದಿಗೆಮ್ಮನ ಪಾಲಿಗೆ ಬಂತು. ಹಕ್ಕಿಯ ಹತ್ತಿರ ಹೆಚ್ಚು ಸುಳಿಯಬೇಡ ಎಂದು ಮೃಣಾಲಿನಿ ಹೇಳಿದ್ದಳು. ಹೇಳುವಾಗ ಒತ್ತಿ ಹೇಳಿರಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಬಂದ ಆಯಾಸದಲ್ಲಿ ಅಷ್ಟೇ ಸಾಕು ಅನ್ನಿಸಿತ್ತು.

ಫೆಬ್ರುವರಿ ತಿಂಗಳ ಒಂದು ಬೆಳಿಗ್ಗೆ ಅವಳು ಅಲ್ಲಿಗೆ ಹೋದಾಗ ಗದಿಗೆಮ್ಮ ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಹಿಂದೆಯೇ, ಅವಳು ಜಾಳಿಗೆಯಿಂದ ಹೊರಬಿಟ್ಟ ಆ ಹಕ್ಕಿ, ಸೊಸೆ ಅತ್ತೆಯ ಹಿಂದೆ ನಡೆದ ಹಾಗೆ, ಹೆಜ್ಜೆ ಎತ್ತಿ ಎತ್ತಿ ನಡೆಯುತ್ತಿತ್ತು. ಅವಳು ನಿಂತರೆ ನಿಲ್ಲುತ್ತಿತ್ತು. ಸಿಳ್ಳೆಯಂಥ ಸಣ್ಣ ದನಿಯಲ್ಲಿ ಅವಳನ್ನು ಕರೆಯುತ್ತಿತ್ತು. ಕೆಲಸದವರೆಲ್ಲ ನಗುತ್ತಿದ್ದರು. ಗದಿಗೆಮ್ಮನ ಮುಖದಲ್ಲಿ ಅಂಥ ಬೆಳಕನ್ನು ಮೃಣಾಲಿನಿ ಅದುವರೆಗೆ ಕಂಡಿರಲಿಲ್ಲ.

ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿದಳು. ಮನುಷ್ಯರಿಗೆ ಹೊಂದಿಕೊಂಡ ಹಕ್ಕಿ ಹಿಂಡಿಗೆ ಸೇರುವುದಿಲ್ಲ, ಬಿಟ್ಟ ಕಡೆಯಿಂದ ಊರೊಳಗೆ ಬರುತ್ತದೆ, ನಾಯಿ ಹಿಡಿಯುತ್ತದೆ. ಇಲ್ಲವಾದರೆ ಬದುಕಿರುವ ತನಕ ಪಂಜರ. "ಇನ್ನ ಮ್ಯಾಲ ನೀ ಇದರ ಹತ್ರ ಬರಬ್ಯಾಡ. ಕಾಳು ತಾಯಪ್ಪ ಇಡಲಿ, ಜಾಳಗಿ ಹಿಂದಿನಿಂದ, ಮಾರಿ ತೋರಸದಂಗ."

ಗದಿಗೆಮ್ಮ ತಕರಾರು ಮಾಡಲಿಲ್ಲ. ಆಗಲಿ ಅಂದು ಬುಟ್ಟಿ ಎತ್ತಿಕೊಂಡು ಹೋದಳು. ತಪ್ಪು ತನ್ನದೂ ಹೌದು, ಮೊದಲೇ ನಿಂತು ತಿಳಿಸಿ ಹೇಳಬೇಕಿತ್ತು ಎಂದು ಮೃಣಾಲಿನಿಗೆ ಬಸ್ಸಿನಲ್ಲಿ ಕೂತಾಗ ಅನ್ನಿಸಿತು. ಆದರೆ ಆ ಯೋಚನೆಯನ್ನು ಹಿಡಿದಿಟ್ಟುಕೊಳ್ಳುವ ತ್ರಾಣವೂ ಇಲ್ಲದೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಮಾರ್ಚ್ ಹತ್ತಿರ ಬಂತು. ಹಕ್ಕಿ ನೆಲದುದ್ದಕ್ಕೂ ಓಡಿ, ಜಾಳಿಗೆಯ ಎತ್ತರಕ್ಕೆ ಹಾರಿ ಇಳಿಯತೊಡಗಿತ್ತು. ಸಿಂಗೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಇನ್ನೂ ಹಿಂಡೊಂದಿದೆ, ಆದರೆ ದಿನಾ ಬೆಳಿಗ್ಗೆ ಸುತ್ತು ಹಾಕುತ್ತ ಮೇಲೇರಿ ಹೊರಡಲು ಗಾಳಿ ನೋಡುತ್ತಿದೆ ಎಂದು ಅಲ್ಲಿನ ಕಾವಲುಗಾರ ಫೋನು ಮಾಡಿದ. ಇನ್ನು ತಡಮಾಡುವ ಹಾಗಿರಲಿಲ್ಲ. ಹಕ್ಕಿಯನ್ನು ಹಿಡಿದು ಪೆಟ್ಟಿಗೆಗೆ ಹಾಕಲು ಗದಿಗೆಮ್ಮನೇ ಬೇಕಾಯಿತು, ಬೇರೆಯವರ ಕೈಗೆ ಅದು ಬರಲಿಲ್ಲ. ಹಾಗಾಗಿ ಅವಳೂ ಜೀಪಿನಲ್ಲಿ ಬಂದಳು.

ಹಿನ್ನೀರು ಇಳಿದು ಮರಳಿನ ದಿಬ್ಬ ಎದ್ದಿತ್ತು. ದಿಬ್ಬದ ಆ ತುದಿಯಲ್ಲಿ ಬೂದಿಬಣ್ಣದ ಹಿಂಡು ನಿಂತಿತ್ತು. ಪೆಟ್ಟಿಗೆಯ ಬಾಗಿಲು ತೆಗೆದರು. ಹಕ್ಕಿ ಹೊರಗೆ ಬಂದು ಮೈ ಕೊಡವಿ, ಹಿಂಡಿನ ಕಡೆ ಒಮ್ಮೆ ನೋಡಿತು. ಆಮೇಲೆ ತಿರುಗಿ ನೇರ ಗದಿಗೆಮ್ಮನ ಹತ್ತಿರ ನಡೆದು ಬಂತು.

ಅವಳು ಹಿಂದೆ ಸರಿದಳು. ಅದು ಮುಂದೆ ಬಂತು. ಜೀಪಿನ ಮರೆಗೆ ಹೋದರೂ ಸಿಳ್ಳೆ ಹಾಕುತ್ತ ಹುಡುಕಿಕೊಂಡು ಬಂತು. ಮೃಣಾಲಿನಿ ಜೀಪಿಗೆ ಒರಗಿ ನಿಂತಳು. ಇದೂ ಆಗಲಿಲ್ಲ, ಪೆಟ್ಟಿಗೆಗೆ ಹಾಕು, ವಾಪಸು ಹೋಗೋಣ ಎನ್ನಲು ಬಾಯಿ ತೆರೆದಿದ್ದಳು.

ಅಷ್ಟರಲ್ಲಿ ಗದಿಗೆಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿ ಹಕ್ಕಿಯ ಕಾಲ ಬುಡಕ್ಕೆ ಒಗೆದಳು. ಅದು ಬೆಚ್ಚಿ ನಿಂತಿತು. ಇನ್ನೊಂದು ಒಗೆದಳು. ಎರಡೂ ಕೈ ಬೀಸುತ್ತ, ಗಂಟಲು ಹರಿಯುವಂತೆ ಹೋ ಎಂದು ಕೂಗುತ್ತ ಅದರ ಮೇಲೆ ಓಡಿದಳು. "ಹೋಗ, ನಿಮ್ಮವ್ವನ ಕಡೆ ಹೋಗ. ನಾ ಯಾರ ನಿನಗ?" ಹಕ್ಕಿ ತಿರುಗಿ ಓಡಿತು. ಅವಳು ಬಿಡದೆ ಹಿಂದೆ ಓಡಿದಳು. ದಿಬ್ಬದ ನಡುವೆ ಅದರ ಕಾಲುಗಳು ನೆಲ ಬಿಟ್ಟವು. ಕೆಳಗೇ ಹಾರುತ್ತ ಹೋಗಿ ಹಿಂಡಿಗೆ ಸ್ವಲ್ಪ ದೂರದಲ್ಲಿ ಇಳಿಯಿತು. ದೊಡ್ಡ ಜೋಡಿಯೊಂದು ಕೊಕ್ಕು ಚಾಚಿ ಅದನ್ನು ಅಟ್ಟಿತು. ಅದು ಇನ್ನೊಂದು ಬದಿಗೆ ಹೋಗಿ ನಿಂತಿತು. ಅಲ್ಲಿ ಯಾರೂ ಅಟ್ಟಲಿಲ್ಲ.

ಗದಿಗೆಮ್ಮ ವಾಪಸು ಬಂದು ಮರಳಿನಲ್ಲಿ ಕುಳಿತಳು. ಉಸಿರು ಇಳಿಯಲು ಹೊತ್ತು ಹಿಡಿಯಿತು. ಚಿಕ್ಕಂದಿನಲ್ಲಿ ಕಡಲೆ ಹೊಲ ಕಾಯುವಾಗ ಇವನ್ನು ಹೀಗೇ ಓಡಿಸುತ್ತಿದ್ದೆ ಎಂದಳು. ಹೆಂಟೆ ಒಗೆದ ಬೇಸರಕ್ಕೆ ಏನಾದರೂ ಸಮಾಧಾನ ಹೇಳಬೇಕೆಂದು ಮೃಣಾಲಿನಿ ಪಕ್ಕದಲ್ಲಿ ಕುಳಿತಳು. ಅದಕ್ಕೂ ಮೊದಲು ಗದಿಗೆಮ್ಮನೇ ಹೇಳಿದಳು:

"ಊರಾಗ ಮಗಳ ಅದಾಳ್ರಿ, ಉಮಾಶ್ರೀ ಅಂತ, ನಮ್ಮವ್ವನ ಹಂತ್ಯಾಕ ಬಿಟ್ಟೀನಿ. ನಾ ಹೊಂಟಾಗೆಲ್ಲ ಬಸ್ ತನಕ ಹಿಂದ ಓಡಿ ಬರ್ತಾಳ. ರಮಿಸಿದ್ರ ಹೋಗೂದಿಲ್ರಿ. ಬೈದಽ ಕಳಸ್ತೀನಿ."

ಮೃಣಾಲಿನಿ ಅವಳ ಕೈ ಹಿಡಿದುಕೊಂಡಳು. ಅಂಗೈ ಉಪ್ಪುಕಾಗದದಂತೆ ಒರಟಾಗಿತ್ತು. ಬಿಸಿಲು ಏರುವವರೆಗೆ ಇಬ್ಬರೂ ಹಾಗೇ ಕುಳಿತಿದ್ದರು.

ವಾರ ಕಳೆದ ಮೇಲೆ ಮೃಣಾಲಿನಿ ಒಬ್ಬಳೇ ಸಿಂಗೂರಿಗೆ ಹೋದಳು. ದಿಬ್ಬ ಖಾಲಿಯಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಎಲ್ಲವೂ ಮೇಲೇರಿ ಉತ್ತರಕ್ಕೆ ತಿರುಗಿದವು ಎಂದು ಕಾವಲುಗಾರ ಹೇಳಿದ. ಅವಳು ನಂಬದೆ ನೀರಂಚನ್ನೆಲ್ಲ ಸುತ್ತಿದಳು. ಉಳಿದುಹೋದ ಹಕ್ಕಿಗಾಗಿ, ನಾಯಿ ತಿಂದು ಬಿಟ್ಟ ಗರಿಗಾಗಿ ಹುಡುಕಿದಳು. ಏನೂ ಸಿಗಲಿಲ್ಲ. ದಂಡೆಯ ಮೇಲೆ ನಿಂತು ಗದಿಗೆಮ್ಮನಿಗೆ ಫೋನು ಮಾಡಿದಳು. ಆ ಕಡೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು. ಹೋಯಿತು ಎಂದು ಎರಡು ಸಲ ಹೇಳಬೇಕಾಯಿತು. ಆ ಹುಲ್ಲಿನ ಬಯಲಿಗೆ ಮುಟ್ಟಲು ಎಷ್ಟು ದಿನ ಬೇಕು ಎಂದು ಗದಿಗೆಮ್ಮ ಕೇಳಿದಳು. ತಿಂಗಳ ಮೇಲಾಗಬಹುದು, ನಡುವೆ ಗುಡ್ಡ ದಾಟಬೇಕು ಎಂದಳು ಮೃಣಾಲಿನಿ. ಗದಿಗೆಮ್ಮ ಯಂತ್ರದ ಸದ್ದಿಗೆ ದನಿ ಏರಿಸಿ, "ಮುಟ್ಟತೈತಿ ಬಿಡ್ರಿ," ಅಂದಳು.

ಯುಗಾದಿಗೆ ಮೃಣಾಲಿನಿ ಹೇಳಿದಂತೆಯೇ ಕೆಲಸ ಬಿಟ್ಟಳು. ಇನ್ನಷ್ಟು ದಿನ ಇರಿ ಎಂದು ಟ್ರಸ್ಟಿನವರು ಒತ್ತಾಯಿಸಿದರು. ಅವಳು ಒಪ್ಪಲಿಲ್ಲ. ಹೊಸದಾಗಿ ಬಂದ ಸಂಪದಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರಿಗೆ ಬೀಗದ ಕೈ ಒಪ್ಪಿಸಿ, ದೊಡ್ಡ ಹಕ್ಕಿಗಳನ್ನು ಯಾರ ಕೈಗೆ ಕೊಟ್ಟರೂ ಮೊದಲೇ ನಿಂತು ತಿಳಿಸಿ ಹೇಳು ಎಂದಳು. ಮನೆಗೆ ಬಂದು ಮಧ್ಯಾಹ್ನ ಉಂಡು ಮಲಗಿದವಳು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಯಶವಂತ ಬಂದು ನೋಡಿ, ಗಾಢ ನಿದ್ದೆಯಲ್ಲಿದ್ದವಳನ್ನು ಎಬ್ಬಿಸದೆ, ಕೋಣೆಯ ಬಾಗಿಲು ಮೆಲ್ಲಗೆ ಎಳೆದುಕೊಂಡ.