ಬಾಯಿಬಿಟ್ಟು ಕೇಳಿದ ಮೇಲೆ

ಅವನು ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಅವಳು ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವವಳು. ಮದುವೆಯಾಗಿ ನಾಲ್ಕು ವರ್ಷ. ಗಂಡ ಹೆಂಡತಿ ಹರಟೆಗೆ ಕೂತರೆ ಪಕ್ಕದ ಮನೆಗೂ ನಗು ಕೇಳಿಸುತ್ತಿತ್ತು. ಆದರೆ ಕೋಣೆಯ ಚಿಲಕ ಹಾಕಿದರೆ ಸಾಕು, ಇಬ್ಬರ ನಾಲಿಗೆಯೂ ಕಟ್ಟಿಹೋಗುತ್ತಿತ್ತು. ಸದ್ದಿಲ್ಲದೆ ಶುರು, ಸದ್ದಿಲ್ಲದೆ ಮುಕ್ತಾಯ. ಇದೆಲ್ಲ ಇರುವುದೇ ಹೀಗೆ ಅಂತ ಅವನು ಅಂದುಕೊಂಡಿದ್ದ. ಏನೋ ಕಡಿಮೆಯಾಗಿದೆ ಅಂತ ಅವಳಿಗೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವಳು ಧೈರ್ಯ ಮಾಡಿದಳು.

"ರೀ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬಾರದು. ತುಟಿಗೆ ಮುತ್ತು ಕೊಡ್ತೀರಲ್ಲ, ಹಾಗೇ... ಕೆಳಗೂ ಕೊಟ್ರೆ ನಂಗೆ ತುಂಬ ಇಷ್ಟ ಆಗುತ್ತೆ ಅನ್ಸುತ್ತೆ."

ಅವನು ಧಡಕ್ಕನೆ ಎದ್ದು ಕೂತ. "ಥೂ, ಗಲೀಜು! ಇಂಥದ್ದೆಲ್ಲ ನಿಂಗೆ ಯಾರು ಹೇಳ್ಕೊಟ್ರು?"

ಗಲೀಜು ಅಂದದ್ದಕ್ಕಿಂತ ಆ ಎರಡನೆಯ ಮಾತು ಅವಳಿಗೆ ಚುಚ್ಚಿತು. "ಯಾಕೆ, ನಂಗೆ ಆಸೆ ಹುಟ್ಟೋಕೆ ಇನ್ನೊಬ್ರು ಹೇಳ್ಕೊಡ್ಬೇಕಾ?" ಎಂದವಳೇ ಅಡುಗೆಮನೆಗೆ ನಡೆದಳು.

ಅಲ್ಲಿಂದ ಮನೆಯಲ್ಲಿ ಮಾತು ಬತ್ತಿತು. ಅವನು ಏನು ಕೇಳಿದರೂ ಅವಳದು "ಹೂಂ", ಇಲ್ಲವೇ "ಉಹೂಂ". ಬೇಕರಿಯಲ್ಲಿ ಅವಳ ಹೂಗಳು ಸೊಟ್ಟಗಾದವು. ಅವನು ಯಾರದೋ ಮನೆಯ ಪಡಸಾಲೆಗೆ ಬಳಿಯಬೇಕಾದ ಬಣ್ಣವನ್ನು ಬಚ್ಚಲಿಗೆ ಬಳಿದು ಉಗಿಸಿಕೊಂಡು ಬಂದ.

ಬೇಕರಿಯ ಎದುರಿಗೇ ಆರೋಗ್ಯ ಕೇಂದ್ರ. ಅಲ್ಲಿನ ನರ್ಸಕ್ಕ ಬ್ರೆಡ್ ಕೊಳ್ಳಲು ಬಂದಾಗ ಅವಳ ಮುಖ ನೋಡಿ, "ಏನಮ್ಮಾ, ಹುಷಾರಿಲ್ವಾ?" ಅಂದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಪಿಸುಗುಟ್ಟುತ್ತಲೇ ಎಲ್ಲ ಹೇಳಿಬಿಟ್ಟಳು. ನರ್ಸಕ್ಕ ನಗಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ.

"ನೀವು ಕೇಳಿದ್ರಲ್ಲಿ ತಪ್ಪೇನೂ ಇಲ್ಲ. ಆದ್ರೆ ನಿಮಗೊಬ್ಬರಿಗೆ ಹೇಳಿದ್ರೆ ಅರ್ಧ ಕೆಲಸ ಆದಂಗೆ. ಅವರನ್ನೂ ಕರ್ಕೊಂಡು ಬನ್ನಿ."

ಅವಳು ಮನೆಗೆ ಬಂದು ಕರೆದಾಗ, "ನಂಗೇನು ಕಾಯಿಲೆನಾ?" ಎಂದು ಗೊಣಗುತ್ತಲೇ ಅವನು ಹೊರಟ. ಹೆಂಡತಿ ಮತ್ತೆ ಮಾತಾಡಿದಳಲ್ಲ ಅನ್ನುವ ಸಮಾಧಾನ ಒಳಗೊಳಗೇ ಇತ್ತು. ಉಗುರಿನ ಸಂದಿಯ ಬಣ್ಣ ಕೆರೆಯುತ್ತ, ನರ್ಸಕ್ಕನ ಎದುರು ಕುರ್ಚಿಯ ತುದಿಯಲ್ಲಿ ಕೂತ.

"ಹೇಳಿ, ನಿಮ್ಮ ಭಯ ಏನು?" ನರ್ಸಕ್ಕ ನೇರವಾಗಿ ಕೇಳಿದಳು.

ಅವನು ಗೋಡೆ ನೋಡಿದ, ಫ್ಯಾನ್ ನೋಡಿದ. ಕೊನೆಗೆ ಅಂದ: "ನಂಗೆ ಆಗಾಗ ತುಟಿ ಮೇಲೆ ನೀರುಗುಳ್ಳೆ ಏಳುತ್ತೆ ಸಿಸ್ಟರ್. ಅವತ್ತೂ ಚುರುಚುರು ಅಂತಿತ್ತು. ಅದು ಇವಳಿಗೆ ಅಂಟಿಬಿಟ್ರೆ?"

ಅವಳು ಗಕ್ಕನೆ ಅವನತ್ತ ತಿರುಗಿದಳು. "ಇದನ್ನ ಅವತ್ತೇ ಹೇಳೋಕೆ ಏನಾಗಿತ್ರೀ ನಿಮಗೆ?"

"ಅವರ ಭಯ ಸರಿಯಾಗೇ ಇದೆ," ಎಂದಳು ನರ್ಸಕ್ಕ. "ಆ ಗುಳ್ಳೆ ಹರ್ಪಿಸ್ ಅನ್ನೋ ವೈರಸ್‌ದು. ಬಾಯಿಂದ ಗುಪ್ತಾಂಗಕ್ಕೆ ದಾಟುತ್ತೆ. ಚುರುಚುರು ಶುರುವಾದಾಗಿಂದ ಗಾಯ ಪೂರ್ತಿ ಮಾಯೋವರೆಗೂ ಮುತ್ತೂ ಬೇಡ, ಬಾಯಿ ತಾಗ್ಸೋದೂ ಬೇಡ. ಗುಳ್ಳೆ ಇಲ್ಲದಾಗ ಅಪಾಯ ಕಡಿಮೆ, ಆದ್ರೆ ಇಲ್ಲವೇ ಇಲ್ಲ ಅಂತಲ್ಲ. ಸಿಫಿಲಿಸ್, ಗೊನೋರಿಯಾ ಥರದ್ದೂ ಬಾಯಿಂದ ಹರಡುತ್ತೆ. ಅದಕ್ಕೇ ಇಬ್ಬರೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ. ಗಂಡಸಿಗಾದ್ರೆ ಕಾಂಡೋಮ್ ಇದೆ. ಹೆಂಗಸಿಗಾದ್ರೆ ಹೊಸ ಕಾಂಡೋಮಿನ ತುದಿ, ಬುಡ ತೆಗೆದು ಉದ್ದಕ್ಕೆ ಕತ್ತರಿಸಿ, ಹಾಳೆ ಥರ ಬಿಡಿಸಿ ಬಾಯಿಗೂ ಮೈಗೂ ನಡುವೆ ಅಡ್ಡ ಇಟ್ಕೋಬಹುದು."

"ಮತ್ತೆ ಗಲೀಜು?" ಅವನ ದನಿ ಈಗ ಮೆತ್ತಗಾಗಿತ್ತು.

"ಸ್ನಾನ ಮಾಡಿದ ಮೈ ಗಲೀಜು ಹೇಗಾಗುತ್ತೆ? ಹೊರಗೆ ನೀರಲ್ಲಿ ತೊಳೆದ್ರೆ ಸಾಕು, ಒಳಗೆ ಸೋಪು ಹಾಕಬೇಡಿ. ಅದಕ್ಕೆ ಸ್ವಲ್ಪ ಮುಂಚೆ ಹಲ್ಲುಜ್ಜಬೇಡಿ, ವಸಡಲ್ಲಿ ರಕ್ತ ಬಂದ್ರೆ ಸೋಂಕಿಗೆ ದಾರಿ ಆಗುತ್ತೆ. ಬಾಯಿ ಮುಕ್ಕಳಿಸಿ, ಅಷ್ಟೇ."

ಅವನು ತಲೆ ಕೆರೆದುಕೊಂಡ. "ಇನ್ನೊಂದು, ಸಿಸ್ಟರ್... ನಂಗೆ ಅದು ಹೇಗೆ ಅಂತಲೇ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ!" ನರ್ಸಕ್ಕ ಅವಳತ್ತ ಕೈ ತೋರಿಸಿದಳು. "ಅವರಿಗೆ ಗೊತ್ತು. ಅವರನ್ನ ಕೇಳಿ. ಮೊಬೈಲಲ್ಲಿ ಬರೋ ವೀಡಿಯೋ ನೋಡಿ ಕಲೀಬೇಡಿ, ಅದು ನಟನೆ. ಹಿತವಾಗಿದ್ಯಾ, ನಿಧಾನ ಬೇಕಾ, ಸಾಕಾ, ಇದನ್ನೆಲ್ಲ ಮಧ್ಯ ಮಧ್ಯ ಕೇಳ್ತಾ ಇರಿ. ಬೇಡ ಅಂದ್ರೆ ಆ ಕ್ಷಣಕ್ಕೆ ನಿಲ್ಸಿ. ಇಬ್ಬರಲ್ಲಿ ಯಾರಿಗೇ ಮನಸ್ಸಿಲ್ಲದಿದ್ರೂ ಅದು ಬೇಡವೇ ಬೇಡ. ಅವರು ಮಾಡಿದ್ರು ಅಂತ ನೀವೂ ಮಾಡ್ಲೇಬೇಕು ಅಂತಿಲ್ಲಮ್ಮಾ, ಇದೇನು ಮುಯ್ಯಿ ತೀರಿಸೋದಲ್ಲ."

ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ವರದಿ ಕೈಗೆ ಬಂದ ದಿನ ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ ನಿಂತೇ ಓದಿದರು. ಬೇರೆ ಯಾವ ಸೋಂಕೂ ಇರಲಿಲ್ಲ. ತುಟಿಯ ಗಾಯವೂ ಮಾದಿತ್ತು. ಅವನು ಸೈಕಲ್ ತುಳಿದ ರಭಸಕ್ಕೆ ಹಿಂದೆ ಕೂತವಳು, "ಬೀಳಿಸ್ತೀರಾ ಮಾರಾಯ್ರೇ, ನಿಧಾನ!" ಎಂದು ಅವನ ಬೆನ್ನಿಗೆ ಗುದ್ದಿದಳು.

ಆ ಮಧ್ಯಾಹ್ನ ಕಿಟಕಿಯ ಪರದೆ ಎಳೆದರು. ಕಾಂಡೋಮ್ ಕತ್ತರಿಸಲು ಹೋಗಿ ಮೊದಲನೆಯದು ಅಡ್ಡಾದಿಡ್ಡಿ ಹರಿಯಿತು. "ಗೋಡೆಗೆ ನೇರ ಗೆರೆ ಎಳೀತೀನಿ, ಇದು ಬರ್ತಿಲ್ವಲ್ಲೇ!" ಎಂದ. ಅವಳು ನಕ್ಕು ನಕ್ಕು ಹಾಸಿಗೆಗೆ ಬಿದ್ದಳು. ಎರಡನೆಯದು ಸರಿಯಾಗಿ ಬಂತು.

"ಹೇಳ್ತಾ ಹೋಗು," ಎಂದ ಅವನು. ಅವಳು ಹೇಳುತ್ತ ಹೋದಳು. ಮೊದಮೊದಲು ನಾಚಿಕೆಯಲ್ಲಿ ಮಾತು ತಡವರಿಸಿತು. ಆಮೇಲೆ ಅವನ ತಲೆಗೂದಲಲ್ಲಿ ಬೆರಳಾಡಿಸುತ್ತ, "ಮೆಲ್ಲಗೆ... ಹಾಂ, ಅಲ್ಲೇ, ಹಾಗೇ," ಎಂದಳು. ನಡುವೆ ಒಮ್ಮೆ, "ಸ್ವಲ್ಪ ನಿಲ್ಸಿ," ಅಂದಳು. ಅವನು ತಟ್ಟನೆ ನಿಲ್ಲಿಸಿ ತಲೆಯೆತ್ತಿದ. "ನೋವಾಯ್ತಾ?" "ಇಲ್ಲ, ಉಸಿರು ತಗೋತೀನಿ." ಬೇಡ ಅಂದರೆ ಅವನು ನಿಲ್ಲಿಸುತ್ತಾನೆ ಎಂದು ಕಣ್ಣಾರೆ ಕಂಡದ್ದೇ ತಡ, ಅವಳ ಮೈಯ ಬಿಗಿಯೆಲ್ಲ ಸಡಿಲವಾಯಿತು. "ಈಗ ಬನ್ನಿ," ಎಂದಳು. ಆಮೇಲೆ ಆದದ್ದು ಅವಳಿಗೆ ನಾಲ್ಕು ವರ್ಷದಲ್ಲಿ ಆಗಿರಲಿಲ್ಲ. ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

ಅವನು ಗೆದ್ದವನ ಹಾಗೆ ಪಕ್ಕಕ್ಕೆ ಉರುಳಿದ. "ಅವತ್ತು ನಾನು 'ಯಾರು ಹೇಳ್ಕೊಟ್ರು' ಅಂತ ಕೇಳಬಾರದಿತ್ತು ಕಣೇ. ತಪ್ಪಾಯ್ತು."

"ಆಯ್ತು ಬಿಡಿ. ಈಗ ನಿಮ್ಮ ಸರದಿ. ಮಾಡೋದು ಬಿಡೋದು ಆಮೇಲೆ ನೋಡೋಣ. ಮೊದ್ಲು ನಿಮಗೇನಿಷ್ಟ, ಅದನ್ನ ಹೇಳಿ," ಎಂದು ಅವಳು ಮೊಣಕೈ ಊರಿ ಕಿವಿಗೊಟ್ಟಳು. ಸಂಜೆಯವರೆಗೂ ಅವರ ಮಾತು ಮುಗಿಯಲಿಲ್ಲ.

ಜೋಡಿಯಾಗಿ ಬಾಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೋಣೆಯಲ್ಲೂ ಮಾತು ನಿಂತುಹೋಗಿದೆಯೇ? ಆಸೆ ಹೇಳಿಕೊಳ್ಳುವುದು ಅವಮಾನವಲ್ಲ, ಬೇಡ ಅನ್ನುವುದು ಅಪರಾಧವಲ್ಲ. ತುಟಿಯಲ್ಲಿ, ಬಾಯಿಯಲ್ಲಿ ಗುಳ್ಳೆ, ಹುಣ್ಣಿದ್ದರೆ ಮಾಯುವವರೆಗೆ ಕಾಯಿರಿ. ಕಾಂಡೋಮ್ ಕೈಗೆಟುಕುವಲ್ಲಿ ಇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಜೊತೆಯಾಗಿ ಹೋಗಿ, ಅಲ್ಲಿರುವವರು ಇಂಥ ನೂರು ಪ್ರಶ್ನೆ ಕೇಳಿಸಿಕೊಂಡವರು. ಮತ್ತೆ ಇವತ್ತೇ, ಪಕ್ಕದಲ್ಲಿರುವವರ ಮುಖ ನೋಡಿ, "ನಿನಗೇನಿಷ್ಟ?" ಅಂತ ಕೇಳಿ. ಉತ್ತರ ಬರುವವರೆಗೂ ಸುಮ್ಮನಿರಿ, ಬಂದೇ ಬರುತ್ತದೆ!